ಎಣ್ಣೆ ಉಳಿಸುವ ಯಂತ್ರ ಮತ್ತು ನಮ್ಮ ಕಿಸೆ
(ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭದಿನ ಸಹಕಾರ ತತ್ವದ ಬಗ್ಗೆ ಮಾತಾಡಬೇಕಿತ್ತು. ಅದನ್ನು ನಮಗಿಂತ ಚೆನ್ನಾಗಿ ಹೇಳುವವರು ವೇದಿಕೆಯ ಮೇಲಿದ್ದಾರೆ. ನಾವು ಪೆಟ್ರೋಲಿನ ಲೆಕ್ಕ ಹೇಳುತ್ತೇವೆ. ಅದಕ್ಕೂ ಸಂಘಕ್ಕೂ ಏನು ಸಂಬಂಧ ಅಂತೀರಾ? ಕೇಳಿರಿ.

ಹೋದ ಮಳೆಗಾಲದಲ್ಲಿ ನಮ್ಮೂರ ತರುಣನೊಬ್ಬ ಸಾಲ ಕೇಳಿ ಬಂದ. 'ಏನು ವ್ಯವಹಾರ ಮಾಡ್ತೀಯೋ ತಮ್ಮಾ?' ಎಂದೆವು. 'ಕಾರಿನ ಪೆಟ್ರೋಲ್ ಪೈಪಿಗೆ ಹಚ್ಚೋ ಮ್ಯಾಗ್ನೆಟ್ ರೀ ಕಾಕಾ. ನೂರಕ್ಕ ಮೂವತ್ತು ಉಳಿತೈತಿ. ರಾಮದುರ್ಗ ತಾಲೂಕಿಗೆಲ್ಲಾ ನಂದ ಏಜೆನ್ಸಿ' ಎಂದ. ಡಿಪಾಜಿಟ್ ನಲವತ್ತು ಸಾವಿರ. ಹೊಲದ ಉತಾರವನ್ನೂ ಹಿಡಿದುಕೊಂಡೇ ಬಂದಿದ್ದ.

ನಾವು ಬ್ಯಾಡ ಅನ್ನಲಿಲ್ಲ. ಒಂದು ತಗೊಂಡು ಬಾ, ನಮ್ಮ ಹಳೇ ಕಾರಿಗೆ ಹಚ್ಚಿ ನೋಡೋಣು ಎಂದೆವು. ಟ್ಯಾಂಕ್ ಫುಲ್ ಮಾಡಿಸಿ, ಕಿಲೋಮೀಟರ್ ಬರೆದಿಟ್ಟು, ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ಫುಲ್ ಮಾಡಿಸಿದೆವು. ಮೊದಲು ಲೀಟರಿಗೆ 14 ಕೊಡುತ್ತಿದ್ದ ಗಾಡಿ ಹದಿನೈದೂವರೆ ಕೊಟ್ಟಿತು! ಹುಡುಗ ಕುಣಿದಾಡಿದ. ಖರೆ ಹೇಳಬೇಕೆಂದರೆ ನಾವೂ ನಂಬಿದೆವು.

ಆಮೇಲೆ ಮ್ಯಾಗ್ನೆಟ್ ಹಚ್ಚಿದ ಫಿಟರನನ್ನು, 'ಅವತ್ತು ಮತ್ತೇನು ಮಾಡಿದ್ಯೋ?' ಎಂದು ಕೇಳಿದೆವು. 'ಏರ್ ಫಿಲ್ಟರ್ ಪೂರಾ ಧೂಳು ಹಿಡಿದಿತ್ರಿ, ಹೊಸಾದು ಹಾಕೀನಿ. ಗಾಲಿಯೊಳಗ ಹವಾ ಇರಲಿಲ್ಲ, ತುಂಬೀನಿ' ಎಂದ. ಮೇಲಾಗಿ ಪರೀಕ್ಷೆ ನಡೆದಿದೆ ಎಂಬ ಲಕ್ಷ್ಯದಲ್ಲಿ ನಾವೇ ಸಾವಕಾಶ ಹೊಡೆದಿದ್ದೆವು. ಆಗ ಮ್ಯಾಗ್ನೆಟ್ ಬಿಚ್ಚಿಟ್ಟು, ಉಳಿದದ್ದೆಲ್ಲ ಹಾಗೇ ಬಿಟ್ಟು, ಮತ್ತೆ ಎರಡು ಟ್ಯಾಂಕ್ ಓಡಿಸಿದೆವು. ಎವರೇಜ್ ಅದೇ ಹದಿನೈದೂವರೆ.

ಹಾಕಿ ನೋಡುವವರು ಬಹಳ, ಬಿಚ್ಚಿ ನೋಡುವವರು ಯಾರೂ ಇಲ್ಲ. ಮಾರುವವರ ಧಂದೆ ನಡೆಯುವುದೇ ಇದರ ಮೇಲೆ. 'ನನಗೆ ಲಾಭ ಆತು' ಎಂದು ಕಾಗದದಲ್ಲಿ ಬರೆದುಕೊಟ್ಟವರು ಸುಳ್ಳರಲ್ಲ, ಪಾಪ. ಒಂದು ದಿನ ಖಾಲಿ ಗಾಡಿ, ಇನ್ನೊಂದು ದಿನ ಹತ್ತು ಮಂದಿ ತುಂಬಿಕೊಂಡು ಎಲ್ಲಮ್ಮನ ಗುಡ್ಡ ಏರಿದರೆ ಎವರೇಜ್ ಒಂದೇ ಇರುತ್ತದೆಯೇ?

ಪೆಟ್ರೋಲು ಅರ್ಧ ಉರಿಯದೇ ಹೋಗುತ್ತದೆ, ನಮ್ಮ ಯಂತ್ರ ಪೂರ್ತಿ ಉರಿಸುತ್ತದೆ ಎಂಬುದು ಇವರ ಮುಖ್ಯ ಮಾತು. ಅದೇ ತಪ್ಪು. ಸುಸ್ಥಿತಿಯಲ್ಲಿರುವ ಇಂದಿನ ಎಂಜಿನ್ನಿನಲ್ಲಿ ನೂರಕ್ಕೆ 97 ಪಾಲಿಗೂ ಹೆಚ್ಚು ಪೆಟ್ರೋಲು ಉರಿದೇ ಹೋಗುತ್ತದೆ. ಉಳಿದ ಚೂರನ್ನೂ ಉರಿಸಿದರೆ ಮೂವತ್ತು ಎಲ್ಲಿಂದ ಬರಬೇಕು? ಶಕ್ತಿ ಪೋಲಾಗುವುದು ರೇಡಿಯೇಟರಿನಲ್ಲಿ, ಸೈಲೆನ್ಸರಿನಲ್ಲಿ ಶಾಖವಾಗಿ. ಅದನ್ನು ಪೈಪಿಗೆ ಕಟ್ಟಿದ ಮ್ಯಾಗ್ನೆಟ್ ತಡೆಯಲಾರದು. ನೀರನ್ನು ಒಡೆದು ಗ್ಯಾಸ್ ಮಾಡುವ ಡಬ್ಬಿಯ ಕಥೆಯೂ ಅಷ್ಟೇ. ಒಡೆಯಲು ಬೇಕಾದ ಕರೆಂಟು ಅದೇ ಎಂಜಿನ್ನಿನಿಂದ ಬರಬೇಕು, ಮರಳಿ ಸಿಗುವುದು ಕೊಟ್ಟದ್ದಕ್ಕಿಂತ ಕಡಿಮೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿತು. ಬೆರಳೆಣಿಕೆಯಷ್ಟರಲ್ಲಿ ಅಲ್ಪಸ್ವಲ್ಪ ಉಳಿತಾಯ ಕಂಡಿತು, ಅಷ್ಟೇ.

ತಮಿಳುನಾಡಿನ ರಾಮರ್ ಪಿಳ್ಳೈ ನೆನಪಿರಬಹುದು. 1996ರಲ್ಲಿ ಗಿಡಮೂಲಿಕೆ ಕುದಿಸಿ ಪೆಟ್ರೋಲು ಮಾಡುತ್ತೇನೆಂದ. ಓದಿದವರೇ ಬೆರಗಾದರು. ವಿಜ್ಞಾನಿಗಳು ಕಣ್ಣೆದುರು ಕೂತು, ತಮ್ಮದೇ ಸಾಮಾನು ಕೊಟ್ಟು ಮಾಡಿಸಿದಾಗ ಪೆಟ್ರೋಲು ಹುಟ್ಟಲಿಲ್ಲ. 2016ರಲ್ಲಿ ಚೆನ್ನೈ ನ್ಯಾಯಾಲಯ ಮೂರು ವರ್ಷ ಶಿಕ್ಷೆ ವಿಧಿಸಿತು. ಅಷ್ಟರೊಳಗೆ ದುಡ್ಡು ಕಟ್ಟಿದವರು ಕಟ್ಟಿ ಆಗಿತ್ತು.

ಆದ್ದರಿಂದ ಬಾಗಿಲಿಗೆ ಬಂದವನನ್ನು ಕೇಳಿ: ಪರೀಕ್ಷೆ ಮಾಡಿದವರು ಯಾರು? ಪುಣೆಯ ಎಆರ್‌ಎಐ ವರದಿ ಇದೆಯೆಂದರೆ ಪೂರ್ತಿ ವರದಿ ತೋರಿಸಲಿ, ಮುದ್ರೆ ಹೊಡೆದ ಒಂದು ಹಾಳೆ ಸಾಲದು. ಪೇಟೆಂಟು ಇದೆಯೆಂದರೆ ಕಲ್ಪನೆ ಹೊಸದು ಅಂತ ಅರ್ಥ, ಪೆಟ್ರೋಲು ಉಳಿಯುತ್ತದೆ ಅಂತಲ್ಲ. ಪಾವತಿ ಕೇಳಿ. ಪಾವತಿ ಎಂದ ಕೂಡಲೇ ಅರ್ಧ ಮಂದಿ ಎದ್ದು ಹೋಗುತ್ತಾರೆ! ಈಗಾಗಲೇ ಮೋಸ ಹೋಗಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ.

ಆ ಹುಡುಗ ಡಿಪಾಜಿಟ್ ಕಟ್ಟಲಿಲ್ಲ. ಎರಡು ದಿನ ನಮ್ಮ ಮೇಲೆ ಸಿಟ್ಟಾಗಿದ್ದ. ಆಮೇಲೆ ಅದೇ ಉತಾರದ ಮೇಲೆ ಎರಡು ಎಮ್ಮೆಗೆ ಸಾಲ ತೆಗೆದುಕೊಂಡ, ಕಂತು ಬರೋಬ್ಬರಿ ಬರುತ್ತಿವೆ. ಮ್ಯಾಗ್ನೆಟ್ ಸಂಘದ ಕಪಾಟಿನಲ್ಲಿದೆ. ನೆಲಕ್ಕೆ ಬಿದ್ದ ಟಾಚಣಿ ಆರಿಸಲಿಕ್ಕೆ ಕಾರ್ಯದರ್ಶಿಗಳಿಗೆ ಚಲೋ ಉಪಯೋಗ ಆಗಿದೆ.