ಬೆಳ್ಳಂದೂರಿನ ಕೋಡಿಯಲ್ಲಿ ನೊರೆ



ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ. ಪಂಪುಗಳು ಅದನ್ನು ಸುಮಾರು 500 ಮೀಟರ್ ಮೇಲಕ್ಕೆ ಎತ್ತುತ್ತವೆ. ಅಷ್ಟು ಪಾಡುಪಟ್ಟು ತಂದ ನೀರಿನಲ್ಲಿ ಮಿಂದು, ಬಟ್ಟೆ ಒಗೆದು, ಪಾತ್ರೆ ತೊಳೆದ ಮೇಲೆ ನೂರಕ್ಕೆ ಎಂಬತ್ತು ಪಾಲು ಚರಂಡಿ ಸೇರುತ್ತದೆ. ಅಲ್ಲಿಂದ ಮುಂದೆ ಅದು ಎಲ್ಲಿಗೆ ಹೋಗುತ್ತದೆ?

ಊರು ದಿಣ್ಣೆಯ ಮೇಲಿದೆ. ಪಡುವಣದ ಇಳಿಜಾರಿನ ನೀರು ವೃಷಭಾವತಿಯ ದಾರಿ ಹಿಡಿಯುತ್ತದೆ. ಮೂಡಣದ್ದರಲ್ಲಿ ಬಹುಪಾಲು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯನ್ನು ಕೂಡುತ್ತದೆ. ಮಳೆನೀರು ಕೆರೆಯಿಂದ ಕೆರೆಗೆ ಇಳಿಯಲಿ ಎಂದು ಹಿರಿಯರು ಮಾಡಿದ ರಾಜಕಾಲುವೆಗಳಲ್ಲಿ ಈಗ ವರ್ಷವಿಡೀ ಹರಿಯುವುದು ಕೊಳಚೆ. ಹಿಂದೆ ಬೇಸಿಗೆಯಲ್ಲಿ ಕೆರೆ ಒಣಗುತ್ತಿತ್ತು, ರೈತರು ಹೂಳನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಈಗ ಕೆರೆ ಒಣಗುವುದೂ ಇಲ್ಲ, ಆ ಹೂಳು ಯಾರಿಗೂ ಬೇಕಾಗಿಯೂ ಇಲ್ಲ.

ಬೆಳ್ಳಂದೂರಿನ ನೊರೆ ರಸ್ತೆಗೆ ಹಾರಿದ್ದನ್ನು ನೀವು ಟಿವಿಯಲ್ಲಿ ಕಂಡಿರುತ್ತೀರಿ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದರ ಕಾರಣದ ಬೆನ್ನುಹತ್ತಿದರು. ಸೋಪಿನ ಪುಡಿಯಲ್ಲಿ ನೊರೆ ಎಬ್ಬಿಸುವ ಅಂಶ ಗಾಳಿಯಾಡುವ ನೀರಿನಲ್ಲಿ ಬೇಗ ವಿಘಟನೆಯಾಗಿ ಮುಗಿಯುತ್ತದೆ. ಆಮ್ಲಜನಕವೇ ಇಲ್ಲದ ಕೆಸರಿಗೆ ಅಂಟಿಕೊಂಡರೆ ಮಾತ್ರ ಅದು ಹಾಗೇ ಉಳಿಯುತ್ತದೆ, ತಿಂಗಳುಗಟ್ಟಲೆ ಸೇರುತ್ತಲೇ ಹೋಗುತ್ತದೆ. ಜೋರು ಮಳೆ ಬಂದು ತಳ ಕದಡಿದಾಗ ಅದೆಲ್ಲ ಒಮ್ಮೆಲೇ ಮೇಲೇಳುತ್ತದೆ. ಕೋಡಿಯಲ್ಲಿ ನೀರು ಧುಮುಕುವಾಗ ಮಜ್ಜಿಗೆ ಕಡೆದಂತೆ ನೊರೆಯೇಳುತ್ತದೆ. ಅಂದರೆ ಇವತ್ತು ಕಾಣುವ ನೊರೆಯಲ್ಲಿ ಎಷ್ಟೋ ಹಿಂದಿನ ಒಗೆತದ ಪಾಲೂ ಇದೆ.

ನೊರೆ ಕಣ್ಣಿಗೆ ಬೀಳುತ್ತದೆ. ಅದಕ್ಕಿಂತ ಹೆಚ್ಚು ಕೇಡು ಮಾಡುವುದು ಕಾಣದ ಸಂಗತಿ. ಕೊಳಚೆಯ ರಂಜಕ, ಸಾರಜನಕ ಉಂಡು ಪಾಚಿಯೂ ತೇಲುವ ಕಳೆಯೂ ಕೊಬ್ಬುತ್ತವೆ. ಅವು ಸತ್ತು ಕೊಳೆಯುವಾಗ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತವೆ. ಇಂಥ ನೀರಿನಲ್ಲಿ ಮೀನಿಗೆ ಉಸಿರಿಲ್ಲ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. 2018ರ ಜನವರಿಯಲ್ಲಿ ಬೆಳ್ಳಂದೂರಿನ ಕೆರೆಯಂಗಳದಲ್ಲಿ ಒಣಗಿದ್ದ ಕಳೆಗೇ ಬೆಂಕಿ ಬಿದ್ದು, ಆರಿಸಲು ಸೇನೆಯ ಯೋಧರು ಇಳಿಯಬೇಕಾಯಿತು. ಕೆರೆಗೆ ಬೆಂಕಿ ಬಿದ್ದ ಸುದ್ದಿಗೂ ನಾವು ಒಗ್ಗಿಹೋದೆವಲ್ಲ, ನನ್ನನ್ನು ಬಹಳ ಕಾಡುವುದು ಇದು.

ಇಷ್ಟಕ್ಕೇ ಮುಗಿಯುವುದಿಲ್ಲ. ದಕ್ಷಿಣ ಪಿನಾಕಿನಿ ಮುಂದೆ ಸೇರುವ, ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯದಿಂದ ನೀರು ಬಿಟ್ಟಾಗ ಅಲ್ಲೂ ನೊರೆ ಏಳುತ್ತದೆ. ನಮ್ಮ ಬಚ್ಚಲಿನ ನೀರು ತಮಿಳುನಾಡಿನ ರೈತರ ಗದ್ದೆಗೆ ಹೀಗೆ ಹೋಗುತ್ತಿದೆ.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಮಾಲಿನ್ಯದ ಪ್ರಕರಣವನ್ನು ಕೈಗೆತ್ತಿಕೊಂಡ ಮೇಲೆ ಬೆಳ್ಳಂದೂರಿನಲ್ಲಿ ಹೂಳೆತ್ತುವ ಕೆಲಸ ಶುರುವಾಯಿತು. ಅದು ಬೇಕಿತ್ತು. ಆದರೆ ಕೊಳಚೆ ಬರುತ್ತಲೇ ಇದ್ದರೆ ಎತ್ತಿದ ಜಾಗದಲ್ಲಿ ಮತ್ತೆ ಹೂಳು ಕೂರುತ್ತದೆ. ಕೊಳಚೆಯನ್ನು ಶುದ್ಧಿ ಮಾಡಿ ಬಿಟ್ಟರೆ ಸಾಕೇ? ಹಳೆಯ ಬಗೆಯ ಶುದ್ಧೀಕರಣ ಘಟಕಗಳು ಕೊಳೆಯುವ ವಸ್ತುವನ್ನು ತೆಗೆಯುತ್ತವೆ. ಆದರೆ ರಂಜಕ ಬಹುಪಾಲು ಹಾಗೇ ದಾಟಿಬಿಡುತ್ತದೆ. ಹಾಗಾಗಿ ಎಷ್ಟು ಲೀಟರ್ ಶುದ್ಧಿಯಾಯಿತು ಎಂದಷ್ಟೇ ಕೇಳಿದರೆ ಸಾಲದು. ಘಟಕದಿಂದ ಹೊರಬಿದ್ದ ನೀರಿನಲ್ಲಿ ರಂಜಕ ಎಷ್ಟಿದೆ, ಆ ಅಳತೆಯನ್ನು ತಿಂಗಳು ತಿಂಗಳು ಊರಿಗೆ ತಿಳಿಸುತ್ತೀರಾ ಎಂದು ನಿಮ್ಮ ವಾರ್ಡಿನವರು ಘಟಕ ನಡೆಸುವವರನ್ನು ಕೇಳಬೇಕು. ನಿಮ್ಮ ಅಪಾರ್ಟ್‌ಮೆಂಟಿನಲ್ಲೇ ಘಟಕವಿದ್ದರೆ ಅದು ರಾತ್ರಿಯೂ ಓಡುತ್ತಿದೆಯೇ ಎಂದು ಹೋಗಿ ನೋಡಬೇಕು.