ಬೇರಿನ ಅರಿಷ್ಟವೂ ಅಂಗಡಿಯ ಸೀಸೆಯೂ

(ಸಂಘದ ಕೂಟದಲ್ಲಿ ಮಾಡಿದ ಭಾಷಣ)



ಹುದುಗಿಸುವ ಕೆಲಸವನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ರಾತ್ರಿ ಉದ್ದು ಅಕ್ಕಿ ರುಬ್ಬಿಟ್ಟು ಮಲಗಿದರೆ ಬೆಳಗಿನ ಜಾವಕ್ಕೆ ಇಡ್ಲಿ ಹಿಟ್ಟು ಪಾತ್ರೆ ಮೀರಿ ಉಬ್ಬಿರುವುದನ್ನು ನಮ್ಮ ಹೋಟೆಲಿನವರು ದಿನವೂ ಕಾಣುತ್ತಾರೆ. ಇಲ್ಲಿನ ಚಳಿಗಾಲದಲ್ಲಿ ಅದು ಉಬ್ಬದೆ ಹೋಗಿ ಬೈಸಿಕೊಂಡವರೂ ನಮ್ಮಲ್ಲಿ ಇದ್ದಾರೆ. ಕಣ್ಣಿಗೆ ಕಾಣದ ಜೀವಾಣುಗಳ ಈ ಕೆಲಸವನ್ನೇ ನಮ್ಮ ಹಿಂದಿನ ವೈದ್ಯರು ಮದ್ದಿನ ಬೇರುಗಳಿಗೂ ಹಚ್ಚಿದರು. ಅವರು ಅದಕ್ಕಿಟ್ಟ ಹೆಸರು ಸಂಧಾನ.

ಬಾಣಂತಿಯರಿಗೆ ಕೊಡುವ ದಶಮೂಲಾರಿಷ್ಟವನ್ನೇ ನೋಡೋಣ. ಬಿಲ್ವ, ಪಾದರಿ, ಶಿವನಿ, ನೆಗ್ಗಿಲು ಮೊದಲಾದ ಹತ್ತು ಗಿಡಮರಗಳ ಬೇರುಗಳನ್ನು ಬೇರೆ ಮದ್ದುಗಳೊಡನೆ ಕುದಿಸಿ ಕಷಾಯ ಇಳಿಸುತ್ತಾರೆ. ತಣಿದ ಮೇಲೆ ಬೆಲ್ಲ, ಜೇನುತುಪ್ಪ, ಧಾತಕಿ ಹೂ ಸೇರಿಸಿ, ಪಾತ್ರೆಯ ಬಾಯಿ ಮುಚ್ಚಿ ತಿಂಗಳ ಹೊತ್ತು ಇಡುತ್ತಾರೆ. ಆ ಹೂವಿನೊಡನೆ ಬರುವ ಯೀಸ್ಟು ಬೆಲ್ಲವನ್ನು ತಿಂದು ಮದ್ಯಸಾರ ಮಾಡುತ್ತದೆ. ಹೀಗೆ ಕುದಿಸಿ ಮಾಡಿದ್ದು ಅರಿಷ್ಟ. ಕುದಿಸದೆ ನೆನೆಹಾಕಿ ಮಾಡಿದ್ದು ಆಸವ.

ಇದರಿಂದ ಬಂದ ಲಾಭವೇನು? ಕಷಾಯ ಒಂದೆರಡು ದಿನಕ್ಕೆ ಹಳಸುತ್ತದೆ, ಅರಿಷ್ಟ ವರ್ಷಗಟ್ಟಲೆ ಇರುತ್ತದೆ. ಬರಿಯ ನೀರಿಗೆ ಬಿಟ್ಟುಕೊಡದ ಕೆಲವು ಸಾರಗಳನ್ನು ಬೇರು ಮದ್ಯಸಾರ ಬೆರೆತ ನೀರಿಗೆ ಬಿಟ್ಟುಕೊಡುತ್ತದೆ. ಇನ್ನೊಂದು ಸಂಗತಿಯೂ ಉಂಟು. ಕೊರಿಯಾ ದೇಶದ ಜಿನ್‌ಸೆಂಗ್ ಬೇರಿನಲ್ಲಿರುವ ಸಾರಗಳಿಗೆ ಸಕ್ಕರೆಯ ಕೊಂಡಿಗಳು ಅಂಟಿಕೊಂಡಿರುವುದರಿಂದ ಕರುಳು ಅವನ್ನು ಸುಲಭವಾಗಿ ಹೀರಿಕೊಳ್ಳದು. ಹುದುಗಿಸಿದಾಗ ಜೀವಾಣುಗಳು ಆ ಕೊಂಡಿಗಳನ್ನು ಕಡಿದುಹಾಕುತ್ತವೆ. ಉಳಿದ ಸಣ್ಣ ಸಾರ ಮೈಗೆ ಬೇಗ ಹತ್ತುತ್ತದೆ. ಆದರೆ ಪ್ರಯೋಗಶಾಲೆಯಲ್ಲಿ ಕಂಡ ಗುಣವೆಲ್ಲ ರೋಗಿಯಲ್ಲಿ ಕಾಣುತ್ತದೆಂದು ನಂಬಬೇಡಿ. ನಮ್ಮ ಅರಿಷ್ಟಗಳನ್ನು ಮನುಷ್ಯರಿಗೆ ಕೊಟ್ಟು ನಡೆಸಿದ ದೊಡ್ಡ ಪರೀಕ್ಷೆಗಳು ಕಡಿಮೆ.

ಈಗ ನಮಗೆ ತಟ್ಟುವ ಮಾತು. ಅರಿಷ್ಟದಲ್ಲಿ ತಾನಾಗಿ ಹುಟ್ಟುವ ಮದ್ಯಸಾರ ನೂರಕ್ಕೆ 12ರವರೆಗೂ ಇರಬಹುದು. ಆದ್ದರಿಂದಲೇ ಅದನ್ನು ಊಟದ ಮೇಲೆ 15ರಿಂದ 30 ಮಿಲಿಲೀಟರು, ಅಷ್ಟೇ ನೀರು ಬೆರೆಸಿ ಕುಡಿಯುವ ವಾಡಿಕೆ. ಬಸುರಿಯರು, ಹಾಲೂಡಿಸುವ ತಾಯಂದಿರು, ಪಿತ್ತಕೋಶದ ಕಾಯಿಲೆಯವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಗುಜರಾತಿನಲ್ಲಿ ಪಾನನಿರೋಧವಿದೆ, ಔಷಧಿಗೆ ಅದರಿಂದ ವಿನಾಯಿತಿಯಿದೆ. ಈ ಸಂದಿಯಲ್ಲೇ ಮೋಸ ನುಸುಳುತ್ತದೆ. ಹನ್ನೆರಡು ತಾಸು ದುಡಿದು ಕಾಲು ಸೋತವನಿಗೆ, ‘ಇದು ಮದ್ದು, ಪೊಲೀಸರು ಕೇಳುವುದಿಲ್ಲ’ ಎಂದು ಇಡೀ ಸೀಸೆಯನ್ನೇ ಕೈಗೆ ಕೊಡುತ್ತಾರೆ.

ನಾವು ಬರೋಡಾ ರೈಲಿನಲ್ಲಿ ದಾಟಿಹೋಗುವ ನಡಿಯಾದಿನ ಆಸುಪಾಸಿನಲ್ಲಿ, ಖೇಡಾ ಜಿಲ್ಲೆಯಲ್ಲಿ, 2023ರ ನವೆಂಬರಿನಲ್ಲಿ ‘ಆಸವ’ ಎಂಬ ಹೆಸರಿನ ಇಂಥ ಸಿರಪ್ಪು ಕುಡಿದು ಕನಿಷ್ಠ ಐದು ಮಂದಿ ತೀರಿಕೊಂಡರು. ರಕ್ತಪರೀಕ್ಷೆಯಲ್ಲಿ ಮಿಥೈಲ್ ಆಲ್ಕೋಹಾಲ್ ಸಿಕ್ಕಿತೆಂದು ಪೊಲೀಸರು ಹೇಳಿದರು. ಬೆಲ್ಲ ಹುದುಗಿ ಹುಟ್ಟುವ ಮದ್ಯಸಾರವೇ ಬೇರೆ, ಕಾರ್ಖಾನೆಯ ಈ ವಿಷವೇ ಬೇರೆ. ರುಚಿಯಿಂದಾಗಲಿ ವಾಸನೆಯಿಂದಾಗಲಿ ಅದನ್ನು ಗುರುತಿಸಲು ನಮ್ಮಿಂದಾಗದು.

ಆದ್ದರಿಂದ ಅರಿಷ್ಟ ಬೇಕಾದರೆ ವೈದ್ಯರ ಚೀಟಿ ಹಿಡಿದು ಔಷಧಿ ಅಂಗಡಿಗೇ ಹೋಗಿ. ಲೈಸೆನ್ಸ್ ನಂಬರು, ತಯಾರಾದ ತಾರೀಖು ನೋಡಿ, ರಸೀದಿ ಪಡೆಯಿರಿ. ಪಾನ್ ಗಲ್ಲೆಯಲ್ಲಿ ಸಿಗುವ ಸೀಸೆ ಬೇಡ. ಜೊತೆಯವರು ಯಾರಾದರೂ ಕುಡಿದು, ಮರುದಿನವಾದರೂ ಸರಿ, ವಾಂತಿ ಮಾಡಿದರೆ, ಕಣ್ಣು ಮಂಜಾಗಿದೆ ಎಂದರೆ, ಅಮಲು ಇಳಿಯಲಿ ಎಂದು ಮಲಗಿಸಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಪೊಲೀಸರಿಗೆ ಹೆದರಿ ಸೀಸೆಯನ್ನು ಎಸೆಯದೆ ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ.