ಸಾಲು ತಪ್ಪಿ ನಿಂತ ನಾಲ್ಕು ಸ್ಯಾಡಲ್‌ಗಳು

ಮಕ್ಕಳೇ, ಎಲ್ಲಾದರೂ ಬೇಸ್ ಗಿಟಾರ್ ನೋಡಲು ಸಿಕ್ಕರೆ ಅದರ ಬುಡದ ಕಡೆ ಕಣ್ಣು ಹಾಯಿಸಿ. ಅಲ್ಲಿ ಮರದ ಮೇಲೆ ಒಂದು ಲೋಹದ ತಗಡನ್ನು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಅದೇ ಬ್ರಿಡ್ಜ್. ವೀಣೆಯಲ್ಲೂ ಪಿಟೀಲಿನಲ್ಲೂ ಕುದುರೆ ಮಾಡುವ ಕೆಲಸವನ್ನೇ ಇಲ್ಲಿ ಇದು ಮಾಡುತ್ತದೆ. ತಗಡಿನ ಮೇಲೆ ತಂತಿಗೊಂದರಂತೆ ನಾಲ್ಕು ಪುಟ್ಟ ಲೋಹದ ತುಂಡುಗಳಿರುತ್ತವೆ. ಅವು ಸ್ಯಾಡಲ್‌ಗಳು. ಒಂದೊಂದರ ಹಿಂದೆಯೂ ಒಂದು ಉದ್ದನೆಯ ಸ್ಕ್ರೂ, ಅದರ ಸುತ್ತ ಸ್ಪ್ರಿಂಗ್.

ಈ ನಾಲ್ಕು ಸ್ಯಾಡಲ್‌ಗಳು ಒಂದೇ ಸಾಲಿನಲ್ಲಿ ನಿಂತಿರುವುದಿಲ್ಲ. ಸಣ್ಣ ತಂತಿಯದು ಮುಂದೆ, ದಪ್ಪ ತಂತಿಯದು ಹಿಂದೆ. ನೋಡಿದವರಿಗೆ ಯಾರೋ ಅವಸರದಲ್ಲಿ ಜೋಡಿಸಿದಂತೆ ಕಾಣುತ್ತದೆ. ಆದರೆ ಬೇಕೆಂದೇ ಹಾಗೆ ನಿಲ್ಲಿಸಿದ್ದಾರೆ. ಏಕೆ?

ತಂತಿ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎಂಬುದರ ಮೇಲೆ ಸ್ವರದ ಏರಿಳಿತ ನಿಂತಿದೆ. ಈ ಲೆಕ್ಕದ ಅಳತೆಯೇ ಹರ್ಟ್ಸ್. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ, ಅತಿ ಸಣ್ಣದು 98 ಹರ್ಟ್ಸ್‌ನಲ್ಲಿ ಅದುರುತ್ತದೆ. ಅದುರುವಿಕೆ ನಿಧಾನವಾಗಬೇಕಾದರೆ ತಂತಿ ಉದ್ದವಾಗಿರಬೇಕು, ಸಡಿಲವಾಗಿರಬೇಕು, ಇಲ್ಲವೇ ಭಾರವಾಗಿರಬೇಕು. ತೀರಾ ಸಡಿಲ ಮಾಡಿದರೆ ತಂತಿ ಜೋತುಬೀಳುತ್ತದೆ. ಹಾಗಾಗಿ ಬೇಸ್ ತಂತಿಯನ್ನು ಉದ್ದವಾಗಿಯೂ ಭಾರವಾಗಿಯೂ ಮಾಡುತ್ತಾರೆ. ಒಳಗೆ ಒಂದು ಉಕ್ಕಿನ ತಂತಿ, ಅದರ ಮೇಲೆ ಒತ್ತಾಗಿ ಸುತ್ತಿದ ಇನ್ನೊಂದು ತಂತಿ. ದಪ್ಪ ತಂತಿ ಸುಮಾರು 2.7 ಮಿಲಿಮೀಟರ್ ಇದ್ದರೆ ಸಣ್ಣದು 1.1 ಮಿಲಿಮೀಟರ್.

ಇನ್ನು ಫ್ರೆಟ್‌ಗಳ ವಿಷಯ. ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಿವು. ಬಹುಪಾಲು ಬೇಸ್‌ಗಳಲ್ಲಿ ತಂತಿಯ ಲೆಕ್ಕದ ಉದ್ದ 34 ಇಂಚು, ಅಂದರೆ 864 ಮಿಲಿಮೀಟರ್. ಇದನ್ನು 17.817ರಿಂದ ಭಾಗಿಸಿ. ಸುಮಾರು 48.5 ಬಂತಲ್ಲವೇ? ತಂತಿಯ ತಲೆಭಾಗದ ಆಸರೆಗೆ ನಟ್ ಎನ್ನುತ್ತಾರೆ; ಅಲ್ಲಿಂದ 48.5 ಮಿಲಿಮೀಟರ್ ದೂರದಲ್ಲಿ ಮೊದಲ ಫ್ರೆಟ್. ಉಳಿದ ಉದ್ದವನ್ನು ಮತ್ತೆ 17.817ರಿಂದ ಭಾಗಿಸಿದರೆ ಎರಡನೆಯದರ ಜಾಗ ಸಿಗುತ್ತದೆ. ಹೀಗೆ ಲೆಕ್ಕ ಮಾಡುತ್ತಾ ಹೋದರೆ 12ನೆಯ ಫ್ರೆಟ್ ಸರಿಯಾಗಿ ನಡುಮಧ್ಯಕ್ಕೆ, 432 ಮಿಲಿಮೀಟರಿಗೆ ಬಂದು ಕೂರುತ್ತದೆ. ಉದ್ದ ಅರ್ಧವಾದರೆ ಅದುರುವಿಕೆ ಎರಡರಷ್ಟು. ಕೆಳಗಿನ ಸ ಅಲ್ಲಿ ಮೇಲಿನ ಸ ಆಗುತ್ತದೆ.

ಲೆಕ್ಕ ಇಷ್ಟು ಚೊಕ್ಕವಾಗಿದ್ದರೂ ತಂತಿ ಅದಕ್ಕೆ ಪೂರ್ತಿ ಬಗ್ಗುವುದಿಲ್ಲ. ಬೆರಳಿನಿಂದ ಫ್ರೆಟ್‌ಗೆ ಒತ್ತಿದಾಗ ತಂತಿ ತುಸು ಜಗ್ಗಿ ಬಿಗಿಯಾಗುತ್ತದೆ. ಬಿಗಿಯಾದರೆ ಸ್ವರ ಏರುತ್ತದೆ. ಜೊತೆಗೆ, ದಪ್ಪ ತಂತಿ ಬಿರುಸು. ಅದರ ತುದಿಯ ಭಾಗ ಸುಲಭವಾಗಿ ಬಳುಕುವುದಿಲ್ಲ. ಆದ್ದರಿಂದ ತಂತಿ ಇರುವುದಕ್ಕಿಂತ ಸ್ವಲ್ಪ ಗಿಡ್ಡವಾಗಿರುವಂತೆ ಅದುರುತ್ತದೆ. ಇದನ್ನು ಸರಿದೂಗಿಸಲು ಸ್ಯಾಡಲನ್ನು ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಸಿ ಉದ್ದ ಹೆಚ್ಚಿಸುತ್ತಾರೆ. ದಪ್ಪ ತಂತಿಗೆ ಹೆಚ್ಚು ಬೇಕು, ಸಣ್ಣದಕ್ಕೆ ಕಡಿಮೆ ಸಾಕು. ಸ್ಯಾಡಲ್‌ಗಳು ಸಾಲು ತಪ್ಪಿ ನಿಲ್ಲುವುದು ಇದಕ್ಕೇ.

ವೀಣೆಯಲ್ಲಿ ಈ ತಿದ್ದುಪಡಿ ಇನ್ನೊಂದು ತುದಿಯಲ್ಲಿ ನಡೆಯುತ್ತದೆ. ಅದರ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಸ್ವರ ಕೆಟ್ಟರೆ ಮೆಟ್ಟಿಲನ್ನೇ ಸರಿಸಿ ಕೂರಿಸುತ್ತಾರೆ. ಬೇಸ್ ಗಿಟಾರಿನ ಫ್ರೆಟ್‌ಗಳು ಮರದೊಳಗೆ ಭದ್ರವಾಗಿ ಕಚ್ಚಿಕೊಂಡಿರುವುದರಿಂದ ಬ್ರಿಡ್ಜ್ ಕಡೆಯೇ ಸರಿಪಡಿಸಬೇಕು.

ತಂತಿಗೊಂದು ಸ್ಯಾಡಲ್ ಎಂಬುದು ಮೊದಲಿನಿಂದಲೂ ಇದ್ದದ್ದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ಲಿಯೋ ಫೆಂಡರ್ ಎಂಬವರು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. 1951ರಲ್ಲಿ ಅವರ ಕಂಪನಿ ‘ಪ್ರಿಸಿಷನ್ ಬೇಸ್’ ಎಂಬ ವಾದ್ಯವನ್ನು ಹೊರತಂದಿತು. ಅದರ ಬ್ರಿಡ್ಜ್‌ನಲ್ಲಿ ಇದ್ದದ್ದು ಎರಡೇ ಸ್ಯಾಡಲ್, ಎರಡೆರಡು ತಂತಿಗೆ ಒಂದು. ಒಂದು ತಂತಿಯ ಸ್ವರ ಸರಿ ಮಾಡಲು ಹೋದರೆ ಜೋಡಿ ತಂತಿಯದು ಹದಗೆಡುತ್ತಿತ್ತು. 1957ರಲ್ಲಿ ನಾಲ್ಕು ತಂತಿಗೂ ಬೇರೆ ಬೇರೆ ಸ್ಯಾಡಲ್ ಬಂದವು.

ಸ್ಯಾಡಲ್ ಸರಿಯಾದ ಜಾಗದಲ್ಲಿದೆಯೇ ಎಂದು ತಿಳಿಯುವ ಪರೀಕ್ಷೆ ಸುಲಭ. ತಂತಿಯನ್ನು ಶ್ರುತಿ ಮಾಡಿ, 12ನೆಯ ಫ್ರೆಟ್‌ನ ನೇರ ಮೇಲೆ ಬೆರಳನ್ನು ಸುಮ್ಮನೆ ತಾಗಿಸಿ ಮೀಟಿ. ಗಂಟೆಯಂಥ ತೆಳು ನಾದ ಬರುತ್ತದೆ. ಆಮೇಲೆ ಅದೇ ಫ್ರೆಟ್ ಒತ್ತಿ ಹಿಡಿದು ಮೀಟಿ. ಟ್ಯೂನರ್ ಎರಡಕ್ಕೂ ಒಂದೇ ಸ್ವರ ತೋರಿಸಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಬೇಕು. ಒಂದೊಂದು ತಂತಿಯೂ ಸುಮಾರು 20 ಕಿಲೋ ಭಾರ ತೂಗಿಬಿಟ್ಟಷ್ಟು ಬಿಗಿಯಾಗಿರುವುದರಿಂದ, ಮೊದಲು ತಂತಿ ಸಡಿಲಿಸಿ ಸ್ಕ್ರೂ ತಿರುಗಿಸಿ, ಮತ್ತೆ ಶ್ರುತಿ ಮಾಡಿ ನೋಡಬೇಕು. ಕೊಳೆ ಹಿಡಿದ ಹಳೆಯ ತಂತಿಯಲ್ಲಿ ಈ ಪರೀಕ್ಷೆ ನಂಬುವಂತಿಲ್ಲ.

ಬ್ರಿಡ್ಜ್ ತುಕ್ಕು ಹಿಡಿದರೆ, ಸ್ಕ್ರೂ ತಿರುಗದೆ ಹೋದರೆ ಹೊಸದು ಹಾಕಬೇಕಾಗುತ್ತದೆ. ಆಗ ನಾಲ್ಕು ಅಳತೆ ಮುಖ್ಯ. ಒಂದು, ಮರದಲ್ಲಿರುವ ಸ್ಕ್ರೂ ತೂತುಗಳ ಜಾಗ. ಎರಡು, ತಂತಿಯಿಂದ ತಂತಿಗೆ ಇರುವ ದೂರ. ಸಾಮಾನ್ಯವಾಗಿ ಅದು 19 ಮಿಲಿಮೀಟರ್, ಅಂದರೆ ಮೊದಲ ತಂತಿಯಿಂದ ನಾಲ್ಕನೆಯದಕ್ಕೆ 57. ಈ ಅಳತೆ ತಪ್ಪಿದರೆ ತಂತಿಗಳು, ಅವುಗಳ ಅದುರುವಿಕೆಯನ್ನು ವಿದ್ಯುತ್ತಾಗಿ ಬದಲಿಸುವ ಪಿಕಪ್‌ನ ಅಯಸ್ಕಾಂತಗಳಿಂದ ಪಕ್ಕಕ್ಕೆ ಸರಿಯುತ್ತವೆ. ಯಾವುದೋ ಒಂದು ತಂತಿಯ ದನಿ ಕುಗ್ಗುತ್ತದೆ. ಮೂರು, ಸ್ಯಾಡಲ್ ಎಷ್ಟು ಮೇಲೆ ಕೆಳಗೆ ಹೋಗಬಲ್ಲದು. ನಾಲ್ಕು, ಹಿಂದೆ ಮುಂದೆ ಎಷ್ಟು ಸರಿಯಬಲ್ಲದು.

ಹೊಸ ಬ್ರಿಡ್ಜ್ ಹಾಕಿದ ಮೇಲೆ ತಂತಿ ಫ್ರೆಟ್‌ಗೆ ಬಡಿದು ‘ಜುರ್’ ಎಂದರೆ ಸ್ಯಾಡಲ್ ತೀರಾ ಕೆಳಗಿರಬಹುದು. ಅಲೆನ್ ಕೀಯಿಂದ ಅದರ ಪುಟ್ಟ ಸ್ಕ್ರೂಗಳನ್ನು ತಿರುಗಿಸಿ ಎತ್ತರಿಸಬೇಕು. ಮರದ ತೂತು ಸವೆದು ಸ್ಕ್ರೂ ಸುಮ್ಮನೆ ಸುತ್ತುತ್ತಿದ್ದರೆ, ತೂತಿಗೆ ಅಂಟು ಹಚ್ಚಿದ ಮರದ ಕಡ್ಡಿ ತುಂಬಿ, ಒಣಗಿದ ಮೇಲೆ ಸ್ಕ್ರೂ ಹಾಕುತ್ತಾರೆ.

ಇನ್ನೊಂದು ತೊಂದರೆ ‘ಗುಂಯ್’ ಎನ್ನುವ ಸದ್ದು. ಅನೇಕ ಬೇಸ್‌ಗಳಲ್ಲಿ ಬ್ರಿಡ್ಜ್ ಅಡಿಗೆ ಒಂದು ಬರಿ ವೈರ್ ಬಂದು ತಾಗಿಕೊಂಡಿರುತ್ತದೆ. ಅದು ತಂತಿಗಳನ್ನು ಗ್ರೌಂಡ್‌ಗೆ ಸೇರಿಸುತ್ತದೆ. ಹೊಸ ಬ್ರಿಡ್ಜ್ ಕೂರಿಸುವಾಗ ವೈರ್ ಜಾರಿದರೆ, ಮನೆಯ ವಿದ್ಯುತ್ತಿನ ಗುಂಗು ಸ್ಪೀಕರಿನಲ್ಲಿ ಜೋರಾಗಿ ಕೇಳುತ್ತದೆ. ನಮ್ಮ ದೇಶದ ವಿದ್ಯುತ್ತಿನ ಆವರ್ತನ 50 ಹರ್ಟ್ಸ್; ದಪ್ಪ ತಂತಿಯ ಮೂರನೆಯ ಫ್ರೆಟ್ ಒತ್ತಿದರೆ ಬರುವ ಸ್ವರ 49 ಹರ್ಟ್ಸ್. ವಿದ್ಯುತ್ತಿನ ಗುಂಗೂ ಬೇಸ್‌ನ ಸ್ವರವೂ ಎಷ್ಟು ಹತ್ತಿರ ನೋಡಿ! ಬಿಚ್ಚಿ ಜೋಡಿಸುವ ಈ ಕೆಲಸ ಮಾತ್ರ ದೊಡ್ಡವರ ಜೊತೆಗೇ ನಡೆಯಲಿ. ಮೊದಲು ಕೇಬಲ್ ಕಳಚಿಡಿ.

ಭಾರದ ಬ್ರಿಡ್ಜ್ ಹಾಕಿದರೆ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಹೇಳುವವರಿದ್ದಾರೆ. ಭಾರದ ವಸ್ತು ಸುಲಭಕ್ಕೆ ಅಲುಗದು, ಹಾಗಾಗಿ ತಂತಿಯ ಶಕ್ತಿ ಅಲ್ಲಿ ಸೋರುವುದು ಕಡಿಮೆ ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ. ಆದರೆ ಕುತ್ತಿಗೆಯೂ ಮರವೂ ಅಲುಗುತ್ತವೆ, ಅಲ್ಲೂ ಶಕ್ತಿ ಹೋಗುತ್ತದೆ. ಆದ್ದರಿಂದ ವ್ಯತ್ಯಾಸ ಕಿವಿಗೆ ಗೊತ್ತಾಗುವಷ್ಟು ಇರುತ್ತದೆಯೇ ಎಂಬ ಬಗ್ಗೆ ನುಡಿಸುವವರಲ್ಲೇ ಒಮ್ಮತವಿಲ್ಲ. ತೀರ್ಮಾನಿಸಲು ದಾರಿ ಇದೆ: ಒಂದೇ ಬಗೆಯ ಹೊಸ ತಂತಿ, ಒಂದೇ ಜಾಗದಲ್ಲಿ ಒಂದೇ ಹದದ ಮೀಟು, ಕೈಯಲ್ಲಿ ಸ್ಟಾಪ್‌ವಾಚ್. ಹಳೆಯ ಬ್ರಿಡ್ಜ್‌ಗೆ ಹತ್ತು ಸಲ, ಹೊಸದಕ್ಕೆ ಹತ್ತು ಸಲ ಅಳೆದು ಸರಾಸರಿ ತೆಗೆಯಿರಿ. ಜಾಹೀರಾತಿನ ಮಾತಿಗಿಂತ ನೀವೇ ಬರೆದಿಟ್ಟ ಆ ಇಪ್ಪತ್ತು ಅಂಕಿಗಳನ್ನು ಹೆಚ್ಚು ನಂಬಬಹುದು.